ಮುಚ್ಚಿದ ಪುಸ್ತಕದ ಮುಂದೆ ಹತ್ತು ನಿಮಿಷ

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಮೊದಲ ವರ್ಷದ ಬಿ.ಎಸ್ಸಿ.ಗೆ ಈಗಷ್ಟೇ ಸೇರಿರುವ ವಿದ್ಯಾರ್ಥಿಗಳೇ,

ರಸಾಯನ ವಿಜ್ಞಾನವನ್ನು ಓದುವ ಬಗೆ ಹೇಗೆ ಎಂಬುದನ್ನು ತಿಳಿಸಿಕೊಡಿ ಎಂದು ನನ್ನನ್ನು ಕರೆದಿದ್ದಾರೆ. ಬೆಳಿಗ್ಗೆ ಬೇಗ ಏಳಿ, ವೇಳಾಪಟ್ಟಿ ಹಾಕಿಕೊಳ್ಳಿ, ಮೊಬೈಲ್ ದೂರ ಇಡಿ ಎಂಬುದನ್ನೆಲ್ಲ ನಿಮ್ಮ ಮನೆಯಲ್ಲಿ ದಿನವೂ ಹೇಳುತ್ತಾರೆ. ಅದಕ್ಕಾಗಿ ನಾನು ಬಸ್ ಹತ್ತಿ ಬರಬೇಕಾಗಿರಲಿಲ್ಲ. ನಾನು ಆಡಬೇಕೆಂದಿರುವ ಮಾತು ತೀರಾ ಸಣ್ಣ ಸಂಗತಿಯೊಂದರ ಬಗ್ಗೆ. ಹೋಂವರ್ಕ್‌ಗೆ ಕೊಟ್ಟ ಲೆಕ್ಕದ ಮುಂದೆ ಪೆನ್ನು ಹಿಡಿದು ಕುಳಿತು, ಏನೂ ಹೊಳೆಯದೆ ಕಳೆಯುತ್ತೀರಲ್ಲ, ಆ ಹತ್ತು ನಿಮಿಷಗಳ ಬಗ್ಗೆ.

ನಾನು ಓದುವ ಕಾಲದಲ್ಲಿ ಆ ಹತ್ತು ನಿಮಿಷಗಳನ್ನು ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮನಾಗಿದ್ದೆ. ಪಠ್ಯಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಸಾಲಿಗೆ ಬೆರಳಿಟ್ಟು ಓದುತ್ತಿದ್ದೆ, ಪ್ರತಿ ಸಾಲಿಗೂ ತಲೆಯಾಡಿಸುತ್ತಿದ್ದೆ. ಎಲ್ಲವೂ ಅರ್ಥವಾಗುತ್ತಿತ್ತು. ಹೋಂವರ್ಕನ್ನು ಸೀನಿಯರ್ ಒಬ್ಬನ ನೋಟ್‌ಬುಕ್‌ನಿಂದ ಇಳಿಸಿಕೊಂಡು, ಸ್ಕೇಲ್ ಇಟ್ಟು ಅಡಿಗೆರೆ ಎಳೆದು, ಅಚ್ಚುಕಟ್ಟಾಗಿ ಒಪ್ಪಿಸುತ್ತಿದ್ದೆ. ಮೊದಲ ಟೆಸ್ಟ್‌ನಲ್ಲಿ 25ಕ್ಕೆ 6 ಬಂತು. ಅಲ್ಲಿ ಕೇಳಿದ್ದ ಲೆಕ್ಕ ಪುಸ್ತಕದಲ್ಲಿದ್ದದ್ದೇ, ಅಂಕಿಗಳು ಮಾತ್ರ ಬದಲಾಗಿದ್ದವು. ಸೀನಿಯರ್‌ನ ಅಕ್ಷರ ನನ್ನ ಪುಸ್ತಕಕ್ಕೆ ಬಂದಿತ್ತು, ಲೆಕ್ಕ ನನ್ನ ಕೈಗೆ ಬಂದಿರಲಿಲ್ಲ.

ಇದು ನನ್ನೊಬ್ಬನ ದಡ್ಡತನ ಎಂದುಕೊಂಡಿದ್ದೆ. ಬಹಳ ವರ್ಷಗಳ ನಂತರ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಹಾಳೆ ಮುಚ್ಚಿಟ್ಟು ನೆನಪಿಗೆ ಬಂದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮರು ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಮುಚ್ಚಿಟ್ಟು ಬರೆದವರು ಮುಂದಿದ್ದರು. ತಮಾಷೆಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಾಗಿದ್ದದ್ದು ಬರೇ ಓದಿದವರಿಗೇ. ನನ್ನ ತಲೆಯಾಡಿಸುವಿಕೆಗೆ ಅಂದು ಒಂದು ವಿವರಣೆ ಸಿಕ್ಕಿತು. ಕಣ್ಣಿಗೆ ಪರಿಚಯವಾದದ್ದನ್ನು ತಲೆಗೆ ಬಂದದ್ದು ಎಂದು ನಾನು ತಿಳಿದಿದ್ದೆ.

ಲೆಕ್ಕಕ್ಕೆ ಹೋಗುವ ಮೊದಲು ಪದಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಹಲವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ನಮ್ಮ ಪಠ್ಯಪುಸ್ತಕದಲ್ಲಿ ಪರಮಾಣು ಎಂದರೆ ಆಟಂ, ಅಣು ಎಂದರೆ ಮಾಲಿಕ್ಯೂಲ್. ಆದರೆ ಪತ್ರಿಕೆಯಲ್ಲಿ ಓದುವುದು ಅಣುಬಾಂಬ್, ಕೈಗಾ ಅಣುಸ್ಥಾವರ. ಅಲ್ಲಿ ಒಡೆಯುವುದು ಮಾಲಿಕ್ಯೂಲ್ ಅಲ್ಲವೇ ಅಲ್ಲ, ಪರಮಾಣುವಿನ ಬೀಜಕೇಂದ್ರ. ಪತ್ರಿಕೆಯ ಅಣುವನ್ನು ತಲೆಯಲ್ಲಿಟ್ಟುಕೊಂಡು ಪಠ್ಯದ ಅಣುವನ್ನು ಓದಿದವರು, ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ, ಮುಂದೆ ಹೇಳುತ್ತೇನೆ) ಆಮ್ಲಜನಕ 16 ಗ್ರಾಂ ಎಂದು ಬರೆದು ಅಂಕ ಕಳೆದುಕೊಂಡದ್ದನ್ನು ನೋಡಿದ್ದೇನೆ. ಪರಮಾಣುಗಳಾದರೆ 16, ಎರಡೆರಡು ಪರಮಾಣು ಸೇರಿದ ಅಣುಗಳಾದರೆ 32. ಆಮ್ಲಜನಕ ಎಂಬ ಹೆಸರಿನದೇ ಒಂದು ಕಥೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ನಂಬಿದ್ದ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೆ, ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರನ್ನು ಗ್ರೀಕ್ ಮೂಲದಿಂದ ಕಟ್ಟಿದರು. ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಅವರ ತಪ್ಪನ್ನು ನಾವು ಶುದ್ಧ ಸಂಸ್ಕೃತಕ್ಕೆ ಅನುವಾದಿಸಿ ಇಟ್ಟುಕೊಂಡಿದ್ದೇವೆ. ಸಾರಜನಕ ‘ಸ’ದಿಂದ ಶುರುವಾದರೂ ಅದರ ಸಂಕೇತ ಎನ್; ಎಸ್ ಗಂಧಕದ್ದು. ಇಂಥವಕ್ಕೆಲ್ಲ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಮಾಡಿಕೊಳ್ಳಿ, ಎರಡು ವಾರದಲ್ಲಿ ಅದರ ಅಗತ್ಯ ತೀರುತ್ತದೆ.

ಇನ್ನು ಮೋಲ್. ಮೊದಲ ವರ್ಷದವರು ಎಡವುವ ಹೊಸ್ತಿಲು ಇದೇ. ಹಾರ್ಡ್‌ವೇರ್ ಅಂಗಡಿಯವರು ಮೊಳೆಗಳನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ನೂರು ಮೊಳೆಯ ತೂಕ ಗೊತ್ತಿದ್ದರೆ ಒಂದು ಕಿಲೋದಲ್ಲಿ ಎಷ್ಟಿವೆ ಎಂದು ಎಣಿಸದೆಯೇ ಹೇಳಬಹುದು. ಮೋಲ್ ಮಾಡುವುದೂ ಇದನ್ನೇ. ತೂಕದಿಂದ ಎಣಿಕೆಗೆ, ಎಣಿಕೆಯಿಂದ ತೂಕಕ್ಕೆ ದಾಟಿಸುವ ದೋಣಿ ಅದು. ಎಣಿಕೆಯ ಅಂಕಿ ಮಾತ್ರ ದೊಡ್ಡದು. 2019ರ ಮೇ 20ರಿಂದ ಅದನ್ನು ನಿಖರವಾಗಿ 6.02214076 × 10²³ ಎಂದು ನಿಗದಿ ಮಾಡಿದ್ದಾರೆ. 18 ಗ್ರಾಂ ನೀರಿನಲ್ಲಿ, ಎಂದರೆ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು ನೀರಿನಲ್ಲಿ, ಅಷ್ಟು ಅಣುಗಳಿವೆ.

ಇದು ತಲೆಗೆ ಇಳಿಯಲು ತಡವಾದರೆ ನಾಚಬೇಕಾಗಿಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ ಎಂದು ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೇಳಿದ್ದು 1811ರಲ್ಲಿ. ಮುಂದಿನ ಐವತ್ತು ವರ್ಷ ಯುರೋಪಿನ ಘಟಾನುಘಟಿಗಳು ಅದನ್ನು ಬದಿಗಿಟ್ಟು, ನೀರನ್ನು ಕೆಲವರು ಎಚ್‌ಓ ಎಂದೂ ಕೆಲವರು ಎಚ್‌ಟುಓ ಎಂದೂ ಬರೆಯುತ್ತ ಜಗಳವಾಡಿದರು. ಜರ್ಮನಿಯ ರಸಾಯನ ವಿಜ್ಞಾನಿ ಕೆಕುಲೆ 1861ರ ತಮ್ಮ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲಕ್ಕೆ ಆಗ ಬಳಕೆಯಲ್ಲಿದ್ದ 19 ಬಗೆಯ ಸೂತ್ರಗಳನ್ನು ಸಾಲಾಗಿ ಕೊಟ್ಟಿದ್ದಾರೆ. ವಿನೆಗರ್‌ನಲ್ಲಿರುವ ಒಂದು ಬಡಪಾಯಿ ಆಮ್ಲಕ್ಕೆ ಹತ್ತೊಂಬತ್ತು ವೇಷ! ಈ ಗೊಂದಲ ಬಗೆಹರಿಸಲೆಂದೇ 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನ ವಿಜ್ಞಾನಿಗಳ ಸಮ್ಮೇಳನ ನಡೆಯಿತು. ಇಟಲಿಯ ಕ್ಯಾನಿಜಾರೊ ಅಲ್ಲಿ ಅವೊಗಾಡ್ರೊನ ಪರವಾಗಿ ವಾದಿಸಿದರು. ಕೊನೆಯಲ್ಲಿ ಅವರ ಕಿರುಪುಸ್ತಕವೊಂದನ್ನು ಹಂಚಲಾಯಿತು. ಅದು ತಾವು ವಿದ್ಯಾರ್ಥಿಗಳಿಗೆ ಹೇಗೆ ಪಾಠ ಮಾಡುತ್ತೇವೆ ಎಂಬುದರ ವಿವರಣೆ. ಸಭೆಯಲ್ಲಿದ್ದ ರಷ್ಯಾದ ತರುಣ ಮೆಂಡಲೀವ್ ಒಂಬತ್ತು ವರ್ಷಗಳ ನಂತರ ಆವರ್ತ ಕೋಷ್ಟಕಕ್ಕೆ ಬಂದದ್ದೂ ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದಾಗಲೇ. ವಿದ್ವಾಂಸರ ಐವತ್ತು ವರ್ಷಕ್ಕೆ ಹೋಲಿಸಿದರೆ ನೀವು ತೆಗೆದುಕೊಳ್ಳುವ ಮೂರು ವಾರ ಏನೇನೂ ಅಲ್ಲ.

ಈಗ ಒಂದು ಲೆಕ್ಕ ಮಾಡೋಣ. 10 ಗ್ರಾಂ ಜಲಜನಕವನ್ನು 64 ಗ್ರಾಂ ಆಮ್ಲಜನಕದೊಡನೆ ಉರಿಸಿದರೆ ಎಷ್ಟು ನೀರು ಬರುತ್ತದೆ? ತರಗತಿಯಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ಎರಡು ಉತ್ತರಗಳು ಬಂದಿವೆ. ಒಂದು, 10 ಮತ್ತು 64 ಸೇರಿ 74 ಗ್ರಾಂ. ಇನ್ನೊಂದು, ಜಲಜನಕ ಕಡಿಮೆ ಇದೆ, ಆದ್ದರಿಂದ ಅದೇ ಮೊದಲು ಮುಗಿಯುತ್ತದೆ, ನೀರು 90 ಗ್ರಾಂ. ಹಾಕಿದ್ದು 74, ತೆಗೆದದ್ದು 90! ಇದನ್ನು ಬರೆದವರು ಅಡಿಗೆರೆಯನ್ನೂ ಎಳೆದಿರುತ್ತಾರೆ.

ಇಂಥ ಲೆಕ್ಕವನ್ನು ನಾನು ಮದುವೆಮನೆಯ ಉಗ್ರಾಣದಿಂದ ಶುರು ಮಾಡುತ್ತೇನೆ. ತಲೆಗೆ ಒಂದು ಬಾಳೆಲೆ, ಎರಡು ಹೋಳಿಗೆ. ಉಗ್ರಾಣದಲ್ಲಿ 100 ಎಲೆ, 150 ಹೋಳಿಗೆ ಇವೆ. ಎಷ್ಟು ಜನಕ್ಕೆ ಬಡಿಸಬಹುದು? 75 ಜನಕ್ಕೆ. 25 ಎಲೆ ಉಳಿಯುತ್ತವೆ. ಸಂಖ್ಯೆಯಲ್ಲಿ ಕಡಿಮೆ ಇದ್ದದ್ದು ಎಲೆ, ಮೊದಲು ಮುಗಿದದ್ದು ಹೋಳಿಗೆ. ಉಗ್ರಾಣ ನೋಡಿಕೊಳ್ಳುವ ಸೋದರಮಾವನಿಗೆ ಇದು ಬಾಯಿಲೆಕ್ಕ. ಎಷ್ಟಿದೆ ಎಂದಷ್ಟೇ ಅವರು ನೋಡುವುದಿಲ್ಲ, ಒಬ್ಬೊಬ್ಬರಿಗೆ ಎಷ್ಟು ಬೇಕು ಎಂಬುದನ್ನೂ ನೋಡುತ್ತಾರೆ. ನಿಮ್ಮ ಪುಸ್ತಕ ಲಿಮಿಟಿಂಗ್ ರಿಏಜೆಂಟ್ ಎಂದು ಕರೆಯುವುದು ಈ ಹೋಳಿಗೆಯನ್ನೇ.

ಜಲಜನಕಕ್ಕೆ ಮರಳೋಣ. ತೂಕದಲ್ಲಿ ಯೋಚಿಸುವುದನ್ನು ಬಿಟ್ಟು ಎಣಿಕೆಗೆ ದಾಟಬೇಕು. ಮೋಲ್‌ಗೆ 2 ಗ್ರಾಂನಂತೆ 10 ಗ್ರಾಂ ಜಲಜನಕ 5 ಮೋಲ್, 32 ಗ್ರಾಂನಂತೆ 64 ಗ್ರಾಂ ಆಮ್ಲಜನಕ 2 ಮೋಲ್. ಸರಿದೂಗಿಸಿದ ಸಮೀಕರಣ ಹೇಳುವುದು ಬಡಿಸುವ ಕ್ರಮವನ್ನು: ಎರಡು ಮೋಲ್ ಜಲಜನಕಕ್ಕೆ ಒಂದು ಮೋಲ್ ಆಮ್ಲಜನಕ, ಬರುವುದು ಎರಡು ಮೋಲ್ ನೀರು. ಇರುವ 2 ಮೋಲ್ ಆಮ್ಲಜನಕಕ್ಕೆ 4 ಮೋಲ್ ಜಲಜನಕ ಸಾಕು, ನಮ್ಮಲ್ಲಿ 5 ಇದೆ. ಅಲ್ಲಿಗೆ ತೂಕದಲ್ಲಿ ಆರು ಪಟ್ಟು ಹೆಚ್ಚಿರುವ ಆಮ್ಲಜನಕವೇ ಮೊದಲು ಮುಗಿಯುತ್ತದೆ. ನೀರು 4 ಮೋಲ್, 72 ಗ್ರಾಂ. ಉಳಿದ ಜಲಜನಕ 1 ಮೋಲ್, 2 ಗ್ರಾಂ. ಎರಡನ್ನೂ ಕೂಡಿಸಿ, 74. ಹಾಕಿದ್ದಕ್ಕೂ ಇರುವುದಕ್ಕೂ ತಾಳೆಯಾಯಿತು. ಈ ಕೊನೆಯ ಕೂಡಿಕೆಗೆ ಹತ್ತು ಸೆಕೆಂಡ್ ಬೇಕು, ನೂರರಲ್ಲಿ ತೊಂಬತ್ತು ಜನ ಅದನ್ನು ಮಾಡುವುದಿಲ್ಲ ಎಂಬುದು ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ನನ್ನ ಅಂದಾಜು.

ನಾನು ಹೇಳಿದ್ದು ನಿಮಗೆ ಅರ್ಥವಾಯಿತು. ಈಗ ತಲೆಯಾಡಿಸಿದವರನ್ನು ನೋಡಿದೆ. ನನಗೆ ಆತಂಕವಾಗುವುದು ಅಲ್ಲೇ. ಇಂದು ರಾತ್ರಿ ಇದೇ ಲೆಕ್ಕವನ್ನು ಬಿಳಿ ಹಾಳೆಯ ಮೇಲೆ ಮೊದಲಿನಿಂದ ಮಾಡಿ. ಬಹುಶಃ ಗ್ರಾಂ ಅನ್ನು ಮೋಲ್‌ಗೆ ತಂದ ಮೇಲೆ ಕೈ ನಿಲ್ಲುತ್ತದೆ. ನಿಂತಲ್ಲಿ ತಕ್ಷಣ ಪುಸ್ತಕ ತೆರೆಯಬೇಡಿ. ಯಾವ ಸಾಲಿನಲ್ಲಿ ನಿಂತೆ, ಈಗ ನನಗೆ ಏನು ಗೊತ್ತಾಗಬೇಕು ಎಂದು ಒಂದು ವಾಕ್ಯ ಬರೆಯಿರಿ. ಎಣಿಕೆ ಬಂತು, ಯಾವುದು ಮೊದಲು ಮುಗಿಯುತ್ತದೆ ತಿಳಿಯುತ್ತಿಲ್ಲ ಎಂದು ಬರೆದರೂ ಸಾಕು. ಹತ್ತು ನಿಮಿಷವಾದರೂ ದಾರಿ ಕಾಣದಿದ್ದರೆ ತೆರೆಯಿರಿ, ಆ ಒಂದು ಸಾಲನ್ನು ಮಾತ್ರ ನೋಡಿ, ಮುಚ್ಚಿ ಮುಂದುವರಿಸಿ. ಮರುದಿನ ಅಧ್ಯಾಪಕರ ಬಳಿ ಹೋಗಿ ಲೆಕ್ಕವೇ ಬರಲಿಲ್ಲ ಸರ್ ಎಂದರೆ ಅವರು ಮತ್ತೆ ಇಡೀ ಲೆಕ್ಕ ಬಿಡಿಸುತ್ತಾರೆ, ನೀವು ಮತ್ತೆ ತಲೆಯಾಡಿಸುತ್ತೀರಿ. ಆ ವಾಕ್ಯವನ್ನು ತೋರಿಸಿದರೆ ಎರಡು ನಿಮಿಷದಲ್ಲಿ ಕೆಲಸವಾಗುತ್ತದೆ.

ಪ್ರಶ್ನೆಯ ಫೋಟೋ ತೆಗೆದರೆ ಮೊಬೈಲ್ ಉತ್ತರ ಕೊಡುತ್ತದೆ ಎಂಬುದು ನನಗೂ ಗೊತ್ತು. ನನ್ನ ಕಾಲದ ಸೀನಿಯರ್‌ನ ನೋಟ್‌ಬುಕ್ಕೇ ಈಗ ಜೇಬಿನಲ್ಲಿದೆ, ಅಕ್ಷರ ಇನ್ನೂ ಚೆನ್ನಾಗಿದೆ. ಉತ್ತರ ಸರಿಯೇ ಎಂದು ಕೊನೆಯಲ್ಲಿ ತಾಳೆ ನೋಡಲು ಬಳಸಿದರೆ ನನ್ನ ತಕರಾರಿಲ್ಲ. ಗೆಳೆಯರೊಡನೆ ಕೂಡಿ ಓದುವುದಕ್ಕೂ ಇದೇ ಮಾತು. ಒಬ್ಬೊಬ್ಬರೂ ಒಂಟಿಯಾಗಿ ಒದ್ದಾಡಿದ ಮೇಲೆ ಸೇರಿದರೆ ಜಗಳವಾದರೂ ಆಗುತ್ತದೆ, ಮೊದಲೇ ಸೇರಿದರೆ ಒಬ್ಬರು ಬರೆಯುತ್ತಾರೆ, ನಾಲ್ವರು ನೋಡುತ್ತಾರೆ.

ಒಂದು ಲೆಕ್ಕ ಕೊಟ್ಟು ಮಾತು ಮುಗಿಸುತ್ತೇನೆ, ಬರೆದುಕೊಳ್ಳಿ. 28 ಗ್ರಾಂ ಸಾರಜನಕವೂ 5 ಗ್ರಾಂ ಜಲಜನಕವೂ ಸೇರಿ ಅಮೋನಿಯ ಆಗಬೇಕು. ಕ್ರಿಯೆ ಪೂರ್ತಿ ನಡೆಯಿತು ಎಂದೇ ಇಟ್ಟುಕೊಳ್ಳಿ, ಕಾರ್ಖಾನೆಯಲ್ಲಿ ಹಾಗೆ ನಡೆಯುವುದಿಲ್ಲ, ಅದು ಮುಂದಿನ ಪಾಠ. ಅಮೋನಿಯ ಎಷ್ಟು ಗ್ರಾಂ, ಉಳಿಯುವುದು ಯಾವುದು, ಎಷ್ಟು? ಉತ್ತರವನ್ನು ನಾನು ಹೇಳುವುದಿಲ್ಲ, ನಿಮ್ಮ ಅಧ್ಯಾಪಕರಿಗೂ ಹೇಳಬಾರದೆಂದು ಕೇಳಿಕೊಂಡಿದ್ದೇನೆ. ಎರಡು ಅಂಕಿಗಳೂ ಪೂರ್ಣಸಂಖ್ಯೆಯಾಗಿ ಬರುವುದಿಲ್ಲ, ಗಾಬರಿಯಾಗಬೇಡಿ. ಕೂಡಿಸಿದಾಗ 33 ಬರುತ್ತದೆಯೇ ನೋಡಿ.