ಕೂಲಂಟ್ ಟ್ಯಾಂಕಿಯಲ್ಲಿ ಎಣ್ಣೆ ಕಂಡ್ರೆ ಮೊದ್ಲು ಹೆಡ್ ಬಿಚ್ಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಮಲ್ಪೆ ದಕ್ಕೆಯಲ್ಲಿ, ಅಂದ್ರೆ ಮೀನು ಬೋಟು ನಿಲ್ಲುವ ಬಂದರಲ್ಲಿ, ಬೋಟಿನ ಇಂಜಿನ್ ಕೆಲಸ ಮಾಡುವವ. ಜೂನ್ 1ರಿಂದ ಜುಲೈ 31ರ ತನಕ ಬಲೆ ಎಳೆಯುವ ಟ್ರಾಲ್ ಬೋಟುಗಳಿಗೆಲ್ಲ ರಜೆ, ಅಂದ್ರೆ 61 ದಿನ, ಆದ್ರೆ ರಜೆ ಬೋಟಿಗೆ ಮಾತ್ರ, ನಮಗೆ ಆಗಲೇ ಮಂಡೆಬಿಸಿ, ಯಾಕಂದ್ರೆ ಧಣಿಗಳಿಗೆ ಇಂಜಿನ್ ನೆನಪಾಗುದೇ ಜುಲೈ ಕೊನೇ ವಾರ.

ಅಂಥದ್ದೇ ಒಂದು ಜುಲೈಯಲ್ಲಿ ಒಂದು ಬೋಟಿನ ಡ್ರೈವರ್ ಅಣ್ಣ ಫೋನ್ ಮಾಡಿದ್ರು, ಕೂಲಂಟ್ ಟ್ಯಾಂಕಿ, ಅಂದ್ರೆ ಇಂಜಿನ್ ತಣ್ಣಗಿಡುವ ನೀರಿನ ಟ್ಯಾಂಕಿ, ಅದರ ಮುಚ್ಚಳ ತೆಗ್ದು ನೋಡಿದ್ರೆ ಒಳಗೆ ಬನ್ಸ್ ಹಿಟ್ಟಿನ ಹಾಗೆ ಕಂದು ಬಣ್ಣದ ಜಿಗುಟು ಅಂತ. ಹೋಗಿ ಬೆರಳು ಹಾಕಿ ನೋಡಿದೆ, ಎಣ್ಣೆಯೇ. ಎಣ್ಣೆ ಮಟ್ಟ ನೋಡುವ ಕಡ್ಡಿ, ಆಯಿಲ್ ಡಿಪ್‌ಸ್ಟಿಕ್, ಎಳೆದು ನೋಡಿದೆ, ಕಪ್ಪಗೆ ಚೊಕ್ಕ ಉಂಟು, ನೀರಿನ ಸುಳಿವೇ ಇಲ್ಲ. ನೋಡಿದೆ, ಆದ್ರೆ ಯೋಚನೆ ಮಾಡ್ಲಿಲ್ಲ, ಅದೇ ನನ್ನ ತಪ್ಪು. ಸೀದಾ ಬಾಯಲ್ಲಿ ಬಂದದ್ದು ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ. ಹೆಡ್ ಅಂದ್ರೆ ಸಿಲಿಂಡರುಗಳ ಮೇಲಿನ ದೊಡ್ಡ ಮುಚ್ಚಳ, ಅದರ ಅಡಿಯಲ್ಲಿ ಸೋರದ ಹಾಗೆ ಹಾಕುವ ಹಾಳೆ ಗ್ಯಾಸ್ಕೆಟ್. ಜೋರು ಮಳೆ, ಮೇಲೆ ಟಾರ್ಪಾಲ್ ಕಟ್ಟಿ 6 ಸಿಲಿಂಡರಿನ ಹೆಡ್ ಬಿಚ್ಚಿದ್ದು 2 ದಿನ, ಹೆಡ್ಡನ್ನ ಮಂಗಳೂರಿಗೆ ಕಳಿಸಿ ಪ್ರೆಶರ್ ಟೆಸ್ಟ್ ಮಾಡ್ಸಿದ್ದು ಬೇರೆ, ಕೊನೆಗೆ ಗ್ಯಾಸ್ಕೆಟ್ಟೂ ಸರಿ, ಹೆಡ್ಡೂ ಸರಿ. ಧಣಿ ನನ್ನ ಮುಖ ನೋಡ್ತಾರೆ, ನಾನು ಸಮುದ್ರ ನೋಡ್ತೇನೆ.

ಎಣ್ಣೆ ನೀರಿಗೆ ಹೇಗೆ ಬರ್ತದೆ ಅಂತ ಸ್ವಲ್ಪ ಹೇಳ್ತೇನೆ. ನಮ್ಮ ಬೋಟಿನ ಡೀಸೆಲ್ ಇಂಜಿನಲ್ಲಿ ಹೆಚ್ಚಾಗಿ 2 ನೀರು. ಒಂದು ಇಂಜಿನ್ ಒಳಗೇ ಸುತ್ತುವ ಸಿಹಿ ನೀರು, ಕೂಲಂಟ್ ಹಾಕಿದ್ದು. ಇನ್ನೊಂದು ಹೊರಗಿನ ಉಪ್ಪು ನೀರು, ಅದು ಹೀಟ್ ಎಕ್ಸ್‌ಚೇಂಜರಿಗೆ ಬಂದು ಆ ಸಿಹಿ ನೀರಿನ ಬಿಸಿ ತಕ್ಕೊಂಡು ವಾಪಸ್ ಸಮುದ್ರಕ್ಕೆ ಹೋಗುದು. ಇನ್ನು ಇಂಜಿನ್ ಆಯಿಲ್ ತಣ್ಣಗಾಗ್ಲಿಕ್ಕೆ ಆಯಿಲ್ ಕೂಲರ್ ಅಂತ ಉಂಟಲ್ಲ, ಅದ್ರಲ್ಲಿ ಎಣ್ಣೆಗೂ ಸಿಹಿ ನೀರಿಗೂ ನಡುವೆ ಇರುದು ಒಂದು ತೆಳು ಲೋಹದ ಗೋಡೆ, ಕೆಲವು ಓರಿಂಗು (ಸೋರದ ಹಾಗೆ ಹಾಕುವ ರಬ್ಬರ್ ಬಳೆ), ಅಷ್ಟೇ. ಇಂಜಿನ್ ಓಡುವಾಗ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 3-4 ಕೇಜಿ, ನೀರಿನದ್ದು ಜಾಸ್ತಿ ಅಂದ್ರೆ 1 ಕೇಜಿ. ಹಾಗಾಗಿ ಗೋಡೆ ತೂತಾದ್ರೆ ಓಡುವಾಗ ಎಣ್ಣೆ ನೀರಿಗೆ ಹೋಗ್ತದೆಯೇ ಹೊರತು ನೀರು ಎಣ್ಣೆಗೆ ಬರುದಿಲ್ಲ. ಡಿಪ್‌ಸ್ಟಿಕ್ ಚೊಕ್ಕ, ಟ್ಯಾಂಕಿಯಲ್ಲಿ ಎಣ್ಣೆ ಅಂದ್ರೆ ಮೊದಲು ಸಂಶಯ ಪಡ್ಬೇಕಾದ್ದು ಆಯಿಲ್ ಕೂಲರನ್ನೇ. ಹಾಗಂತ ಅಸಡ್ಡೆ ಮಾಡಿ ಓಡಿಸ್ಬೇಡಿ ಮತ್ತೆ, ಇಂಜಿನ್ ಬಂದ್ ಮಾಡಿದ ಕೂಡ್ಲೇ ಎಣ್ಣೆಯ ಒತ್ತಡ ಸೊನ್ನೆ, ಬಿಸಿ ನೀರಿನ ಒತ್ತಡ ಆಗಲೂ ಉಂಟು, ಆಗ ಅದೇ ತೂತಿನಿಂದ ನೀರು ಎಣ್ಣೆಗೆ ಇಳಿತದೆ. ಡಿಪ್‌ಸ್ಟಿಕ್ಕಲ್ಲಿ ಹಾಲು ಚಾದ ಬಣ್ಣ ಬಂತು ಅಂದ್ರೆ ಬೇರಿಂಗಿಗೆ ಏಟು ಬೀಳ್ತಾ ಉಂಟು ಅಂತ ಲೆಕ್ಕ.

ನಾನು ಈಗ ಮೊದ್ಲು ಮಾಡುದು ಒಂದೇ ಕೆಲಸ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ (ಬಿಸಿ ಇರುವಾಗ ಮುಚ್ಚಳ ತಿರುಗಿಸಿದ ಗುರುತು ನನ್ನ ಎಡಗೈಯಲ್ಲಿ ಇನ್ನೂ ಉಂಟು) ಟ್ಯಾಂಕಿಯ ನೀರನ್ನ ಒಂದು ಒಳಗಿದ್ದದ್ದು ಕಾಣುವ ಬಾಟ್ಲಿಗೆ ತುಂಬಿಸಿ ರಾತ್ರಿ ಇಡೀ ಅಲುಗಾಡದ ಹಾಗೆ ಇಡುದು. ಬೆಳಿಗ್ಗೆ ಎಣ್ಣೆ ಮೇಲೆ ಬಂದಿರ್ತದೆ. ಅದನ್ನ ಬಿಳಿ ಬಟ್ಟೆಗೆ ಒರೆಸಿ ನೋಡಿ. ಮಸಿ ಹಾಗೆ ಕಪ್ಪಾದ್ರೆ ಇಂಜಿನ್ ಆಯಿಲ್. ಕೆಂಪು ಅಥವಾ ಜೇನಿನ ಬಣ್ಣ ಅಂದ್ರೆ ಅದು ಗೇರ್‌ಬಾಕ್ಸಿನದ್ದು ಆಗಿರ್ಲಿಕ್ಕೂ ಸಾಕು, ಯಾಕಂದ್ರೆ ಗೇರ್‌ಬಾಕ್ಸಿಗೆ ಹೊಗೆ ಮಸಿ ಹೋಗುದಿಲ್ಲ, ಆಗ ಗೇರ್ ಆಯಿಲ್ ಮಟ್ಟ ಇಳಿದಿದೆಯಾ ನೋಡ್ಬೇಕು. ಅದಕ್ಕೂ ಅದರದ್ದೇ ಕೂಲರ್ ಉಂಟು. ಅದು ಉಪ್ಪು ನೀರಿನ ಲೈನಲ್ಲಿದ್ರೆ ಟ್ಯಾಂಕಿಯಲ್ಲಿ ಏನೂ ಕಾಣುದಿಲ್ಲ, ನೀರು ಹೊರಗೆ ಬೀಳುವ ಜಾಗದಲ್ಲಿ ಕಾಮನಬಿಲ್ಲಿನ ಹಾಗೆ ಎಣ್ಣೆ ಪರೆ ತೇಲ್ತದೆ. ಬಾಟ್ಲಿ ಮೂಸಿದ್ರೆ ಡೀಸೆಲ್ ವಾಸನೆ ಬಂತಾ, ಹಾಗಾದ್ರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆ ನೋಡಿ, ಅದು ಬೇರೆಯೇ ಕಥೆ.

ಮತ್ತೆ ಎಲ್ಲ ಜಿಗುಟೂ ಎಣ್ಣೆ ಅಲ್ಲ ಮಾರಾಯ್ರೆ. ಹಸಿರು ಕೂಲಂಟಿಗೆ ಕೆಂಪು ಕೂಲಂಟ್ ಸುರಿದು ಒಳಗೆ ಲೋಳೆ ಆದದ್ದನ್ನೂ ಕಂಡಿದ್ದೇನೆ. ಹಳೇ ಡ್ರೈವರ್‌ಗಳಲ್ಲಿ ಕೆಲವರು ತುಕ್ಕು ಹಿಡಿಬಾರ್ದು ಅಂತ ನೀರಲ್ಲಿ ಕರಗುವ ಎಣ್ಣೆ ಹಾಕುದುಂಟು, ಆಗ ನೀರು ಹಾಲಿನ ಹಾಗೆಯೇ ಇರುದು, ಅದು ರೋಗ ಅಲ್ಲ. ಒಂದು ತೊಟ್ಟು ಪೇಪರಿನ ಮೇಲೆ ಹಾಕಿ ಬಿಸಿಲಲ್ಲಿಡಿ, ಪೋಡಿ (ಬಜ್ಜಿ) ಕಟ್ಟಿದ ಪೇಪರಲ್ಲಿ ಇರುವಂಥ ಕಲೆ ಒಣಗದೆ ಉಳಿದ್ರೆ ಎಣ್ಣೆ ಇರ್ಲಿಕ್ಕೂ ಸಾಕು.

ಹೆಡ್ ಗ್ಯಾಸ್ಕೆಟ್ ಹೋಗುದೇ ಇಲ್ಲವಾ? ಹೋಗ್ತದೆ. ಆದ್ರೆ ಹೆಚ್ಚಾಗಿ ಅದು ಸುಮ್ಮನೆ ಹೋಗುದಿಲ್ಲ, ಬೊಬ್ಬೆ ಹಾಕ್ತದೆ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಕೂಡ್ಲೇ ಟ್ಯಾಂಕಿಯಲ್ಲಿ ನಿಲ್ಲದೆ ಗುಳ್ಳೆ, ಬಿಸಿ ಆಗುವ ಮೊದ್ಲೇ ಹೋಸ್ ಕಲ್ಲಿನ ಹಾಗೆ ಗಟ್ಟಿ, ನೀರು ಹೊರಗೆ ಉಕ್ಕುದು, ಇದೆಲ್ಲ ಇದ್ರೆ ಹೆಡ್ ಬಿಚ್ಚುವ ಮಾತಾಡುವ. ಇಲ್ಲಾಂದ್ರೆ ಮೊದ್ಲು ಕೂಲರ್. ಖರ್ಚು ಕಮ್ಮಿ, ಅರ್ಧ ದಿನದ ಕೆಲಸ.

ಆ ಬೋಟಿನ ಕೂಲರನ್ನ ಕೊನೆಗೆ ಬಿಚ್ಚಿ, ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಗಾಳಿ ಕೊಟ್ಟು ಬಕೆಟ್ ನೀರಲ್ಲಿ ಮುಳುಗಿಸಿದೆ. ಏನೂ ಇಲ್ಲ. ಡ್ರೈವರ್ ಅಣ್ಣ ಚಾಕ್ಕೆ ಇಟ್ಟಿದ್ದ ಬಿಸಿ ನೀರನ್ನ ತಂದು ಸುರಿದ್ರು, ತಮಾಷೆಗೋ ಸಿಟ್ಟಿಗೋ ಗೊತ್ತಿಲ್ಲ. ಆಗ ಒಂದು ಟ್ಯೂಬಿನ ಬುಡದಿಂದ ಸೂಜಿ ಮೊನೆಯಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಬಿಸಿಗೆ ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕು ಅದು. ಈಗ ನಾನು ಟೆಸ್ಟ್ ಮಾಡುದೇ ಬಿಸಿ ನೀರಲ್ಲಿ, ಗಾಳಿ ಮಾತ್ರ ಕಂಪೆನಿಯವರು ಹೇಳಿದ್ದಕ್ಕಿಂತ ಜಾಸ್ತಿ ಕೊಡ್ಲಿಕ್ಕಿಲ್ಲ.

ಕೂಲರ್ ಬದಲಿಸಿದ್ರೆ ಮುಗೀಲಿಲ್ಲ, ತೊಳೆಯುದೇ ದೊಡ್ಡ ಕೆಲಸ. ಒಳಗೆಲ್ಲ ಎಣ್ಣೆ ಹಿಡಿದು ಕೂತ್ರೆ ಬಿಸಿ ಬಿಟ್ಟುಕೊಡುದಿಲ್ಲ, ಟೆಂಪರೇಚರ್ ಏರ್ತದೆ. ಥರ್ಮೋಸ್ಟಾಟ್ ತೆಗ್ದಿಟ್ಟು, ನೊರೆ ಬಾರದ ಡಿಶ್‌ವಾಷರ್ ಪೌಡರನ್ನ ಬಿಸಿ ನೀರಲ್ಲಿ ಕರಗಿಸಿ ಹಾಕಿ, ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಖಾಲಿ ಮಾಡಿ, ಮತ್ತೆ ಹಾಕಿ, ಹೀಗೆ ನೀರು ತಿಳಿ ಆಗುವ ತನಕ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ನೊರೆ ಎದ್ದು ಎಲ್ಲೆಡೆ ಉಕ್ತದೆ. ಎಣ್ಣೆ ಕುಡಿದು ಮೆತ್ತಗೆ ಊದಿದ ರಬ್ಬರ್ ಹೋಸುಗಳನ್ನ ಬಿಸಾಡಿ, ಜಿಪುಣತನ ಬೇಡ. ಆ ಕೊಳೆ ನೀರನ್ನ ದಯವಿಟ್ಟು ಡ್ರಮ್ಮಿಗೆ ತುಂಬಿಸಿ, ದಕ್ಕೆ ನೀರಿಗೆ ಬಿಡ್ಬೇಡಿ, ಈಗಲೇ ಅಲ್ಲಿ ಮೂಗು ಮುಚ್ಚಿ ನಡಿಬೇಕು.

ಮೊದಲ ಟ್ರಿಪ್ ಮುಗ್ಸಿ ಬಂದ ಮೇಲೆ ಮತ್ತೊಮ್ಮೆ ಬಾಟ್ಲಿಗೆ ನೀರು ಹಿಡಿದು ನೋಡಿ. ತೆಳು ಪರೆ ಇದ್ರೆ ಗಾಬರಿ ಬೇಡ, ಮೂಲೆಯಲ್ಲಿ ಉಳಿದ ಹಳೇದು ಅದು. ಆದ್ರೆ ಇಂಜಿನ್ ಆಯಿಲ್ ಮಟ್ಟವೂ ಇಳಿದಿದ್ರೆ ಮುಂದಿನ ಟ್ರಿಪ್ಪಿಗೆ ಐಸ್ ತುಂಬಿಸ್ಲಿಕ್ಕೆ ಹೋಗ್ಬೇಡಿ, ಮೆಕ್ಯಾನಿಕ್ಕನ್ನ ಕರೀರಿ. ನಮಸ್ಕಾರ.