ಸೀನಾ ಸೋತ ಪಂದ್ಯಗಳೇ ಯಾಕೆ ಜಾಸ್ತಿ ನೆನಪಲ್ಲಿ ಉಳಿದವು?

[ತೆರೆಯ ಮೇಲೆ: ಕೈಯಲ್ಲಿ ಬರೆದ ರಿಂಗ್‌ನ ಚಿತ್ರ. ಹಿನ್ನೆಲೆಯಲ್ಲಿ ಧ್ವನಿ ಮಾತ್ರ.]

ನಮಸ್ಕಾರ, ಕಲಬುರಗಿಯಿಂದ.

2025ರ ಡಿಸೆಂಬರ್ 13, ಅಮೆರಿಕದ ವಾಷಿಂಗ್ಟನ್ ಡಿಸಿ. ನಮ್ಮಲ್ಲಿ ಆಗಲೇ ಭಾನುವಾರ ಬೆಳಗಾಗಿತ್ತು. ಟಿವಿಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಇ ಕುಸ್ತಿಯ ಜಾನ್ ಸೀನಾ ಕೊನೆಯ ಪಂದ್ಯ ಆಡುತ್ತಿದ್ದ. ಎದುರಿಗೆ ಆಸ್ಟ್ರಿಯಾದ ಗುಂಥರ್. ಅವನು ಹಿಂದಿನಿಂದ ಬಂದು ಸೀನಾನ ಕುತ್ತಿಗೆಗೆ ತೋಳು ಸುತ್ತಿದ. ಸ್ಲೀಪರ್ ಹೋಲ್ಡ್ ಅಂತಾರಲ್ಲ, ಅದು. ಸೀನಾ ಬಿಡಿಸಿಕೊಂಡ. ಗುಂಥರ್ ಮತ್ತೆ ಸುತ್ತಿದ. ಮತ್ತೆ ಬಿಡಿಸಿಕೊಂಡ. ಕೊನೆಗೆ ಒಂದು ಕ್ಷಣ ಸೀನಾನ ಮುಖದ ಮೇಲೆ ನಗು ಬಂತು. ಕೈ ಎತ್ತಿ ಟ್ಯಾಪ್ ಮಾಡಿಬಿಟ್ಟ. ಅಂದರೆ, ಸೋತೆ, ಬಿಡು ಅಂತ.

"ನೆವರ್ ಗಿವ್ ಅಪ್" ಅಂತ ಟವೆಲ್ ಮೇಲೆ, ಟೀ ಶರ್ಟ್ ಮೇಲೆ ಬರೆಸಿಕೊಂಡು ಓಡಾಡಿದ ಮನುಷ್ಯ ಅವನು. 20 ವರ್ಷಕ್ಕೂ ಜಾಸ್ತಿ ಕಾಲ ಟ್ಯಾಪ್ ಮಾಡಿರಲಿಲ್ಲ.

ನಮ್ಮ ಗ್ರೂಪಿನಲ್ಲಿ ಮೊದಲು ಬಂದ ವಾಯ್ಸ್ ಮೆಸೇಜ್ ಇದು: "ಏನಪ್ಪಾ ಇದು, ಇಷ್ಟು ವರ್ಷ ಗಿವ್ ಅಪ್ ಮಾಡಬ್ಯಾಡ್ರಿ ಅಂತ ಹೇಳಿ, ಕಡೀಕ ತಾನೇ ಮಾಡ್ಯಾನ!" ಅದರ ಹಿಂದೆ ಇನ್ನೂ ಹತ್ತಾರು. ಕೆಲವರಿಗೆ ಸಿಟ್ಟು. ಕೆಲವರಿಗೆ ಮಾತೇ ಹೊರಡಲಿಲ್ಲ. ಎಲ್ಲರೂ ಈಗ ಮೂವತ್ತರ ಆಸುಪಾಸಿನವರು. ಮಕ್ಕಳೂ ಇದ್ದಾರೆ.

ಅದೇ ಸಂಜೆ ನಮ್ಮೂರಿನ ಅಪ್ಪನ ಕೆರೆ ಕಡೆ ಎಲ್ಲರೂ ಸೇರಿದೆವು. ಸುಸಲಾ, ಮಿರ್ಚಿ ತರಿಸಿ ಕೂತೆವು. ಅವನ ದೊಡ್ಡ ಪಂದ್ಯ ಯಾವುವು ಅಂತ ಒಬ್ಬೊಬ್ಬರೇ ಹೇಳುತ್ತಾ ಹೋದರು. ಆಗ ನಾನು ಒಂದು ಗಮನಿಸಿದೆ. ಹೆಸರು ಬಂದ ಪಂದ್ಯಗಳಲ್ಲಿ ಮುಕ್ಕಾಲು ಪಾಲು ಅವನು ಸೋತವು. ಇವತ್ತಿನ ವಿಡಿಯೋ ಅದರ ಬಗ್ಗೆ.

[ತೆರೆಯ ಮೇಲೆ: ಹಳೇ ಟ್ರಂಪ್ ಕಾರ್ಡ್‌ಗಳು, ಅಂಚು ಸವೆದವು.]

ಪಂದ್ಯದ ತುಣುಕು ಹಾಕಿದರೆ ಕಾಪಿರೈಟ್ ತೊಂದರೆ. ಹಾಗಾಗಿ ಕಾರ್ಡು, ಚಿತ್ರ ಅಷ್ಟೇ ತೋರಿಸುತ್ತೇನೆ. ಈ ಕಾರ್ಡು ಗೊತ್ತಲ್ವಾ? ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್. ಶಾಲೆ ಬಿಟ್ಟ ಮೇಲೆ ಕಟ್ಟೆ ಮೇಲೆ ಕೂತು ಆಡಿದ್ದೇ ಆಡಿದ್ದು. ಮನೆಯಲ್ಲಿ ಈ ಕುಸ್ತಿ ತೋರಿಸುವ ಟೆನ್ ಸ್ಪೋರ್ಟ್ಸ್ ಚಾನೆಲ್ ಬರುವ ಹುಡುಗನಿಗೆ ಓಣಿಯಲ್ಲಿ ವಿಶೇಷ ಮರ್ಯಾದೆ. ಕರೆಂಟ್ ಹೋದರೆ ಮಾತ್ರ ಅವನ ಮರ್ಯಾದೆಯೂ ಹೋಗುತ್ತಿತ್ತು.

ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೌದು, ಯಾರು ಗೆಲ್ಲಬೇಕು ಅನ್ನೋದು ಮೊದಲೇ ನಿಗದಿಯಾಗಿರುತ್ತೆ. ಇದು ಒಲಿಂಪಿಕ್ ಕುಸ್ತಿ ಅಲ್ಲ, ನಮ್ಮ ಜಾತ್ರೆಯ ಜಂಗಿ ಕುಸ್ತಿಯೂ ಅಲ್ಲ. ದೊಡ್ಡಾಟದಲ್ಲಿ ಕೀಚಕ ಸಾಯುತ್ತಾನೆ ಅಂತ ಊರಿಗೆಲ್ಲ ಗೊತ್ತು. ಆದರೂ ಬೆಳಗಿನ ತನಕ ಕೂತು ನೋಡುತ್ತಾರೆ. ಹೇಗೆ ಸಾಯುತ್ತಾನೆ, ಭೀಮ ಹೇಗೆ ಬರುತ್ತಾನೆ ಅನ್ನೋದೇ ಆಟ. ಇಲ್ಲೂ ಅಷ್ಟೇ.

ಆದರೆ ಬೀಳೋದು ಮಾತ್ರ ಖರೆ. ರಿಂಗ್ ಅಂದರೆ ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ತೆಳ್ಳಗಿನ ಫೋಮ್, ಮೇಲೆ ಕ್ಯಾನ್ವಾಸ್. ಬೀಳುವಾಗ ಗದ್ದ ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಹಿಂದಕ್ಕೆ ಬಡಿಯುತ್ತೆ. ಬೆನ್ನು ಪೂರ್ತಿ ಒಟ್ಟಿಗೆ ನೆಲಕ್ಕೆ ತಾಗಬೇಕು. ಎರಡೂ ಕೈ ಚಾಚಿ ನೆಲ ಬಡಿಯಬೇಕು, ಪೆಟ್ಟು ಒಂದೇ ಕಡೆ ಕೂರದೆ ಹಂಚಿಹೋಗಲಿ ಅಂತ. ಒಂದು ರಾತ್ರಿಗೆ ಇಂಥವು ಎಷ್ಟೋ.

ನನ್ನ ಗೆಳೆಯನ ಮುತ್ಯಾ ತಾಲೀಮಿನ ಮಣ್ಣಲ್ಲಿ ಬೆಳೆದ ಪೈಲ್ವಾನರು. ಜಾತ್ರೆಯಲ್ಲಿ ಕಡಗ ಗೆದ್ದವರು. ನಾವು ಟಿವಿ ಮುಂದೆ ಕಿರುಚುವಾಗ ಅವರು ಹೊರಸಿನ ಮೇಲೆ ಮಲಗಿ, "ಇದೆಲ್ಲ ಸುಳ್ಳ ಕುಸ್ತಿ ಬಿಡ್ರೋ" ಅನ್ನುತ್ತಿದ್ದರು. ಒಂದು ದಿನ ಸುಮ್ನೆ ಎದ್ದು ಕೂತು ಸೀನಾನ ಪಂದ್ಯ ಪೂರ್ತಿ ನೋಡಿದರು. ಕೊನೆಗೆ ಅಂದಿದ್ದು ಒಂದೇ ಮಾತು: "ಈ ಹುಡುಗಗ ಬೀಳ್ಲಾಕ ಬರ್ತದ."

ನಮಗೆ ಆಗ ಅದು ಹೊಗಳಿಕೆ ಅಂತ ಅನ್ನಿಸಲೇ ಇಲ್ಲ.

[ತೆರೆಯ ಮೇಲೆ: ದಿನಾಂಕ, 2002 ಜೂನ್ 27]

ಸೀನಾ ಟಿವಿಗೆ ಬಂದ ಮೊದಲ ಪಂದ್ಯ ಇದು. ಒಲಿಂಪಿಕ್ ಚಿನ್ನ ಗೆದ್ದ ಕರ್ಟ್ ಆಂಗಲ್, ನನ್ನ ಜೊತೆ ಯಾರು ಆಡ್ತೀರಿ ಅಂತ ಕೂಗಿದ. ಈ ಹೊಸ ಹುಡುಗ ಬಂದು ಅವನ ಕಪಾಳಕ್ಕೆ ಬಾರಿಸಿದ. ಪಂದ್ಯ ಸೋತ. ಆದರೆ ಜನ ಹುಡುಗನ ಮುಖ ಮರೆಯಲಿಲ್ಲ. ಶುರುವಾಗಿದ್ದೇ ಸೋಲಿನಿಂದ.

2005ರ ಏಪ್ರಿಲ್‌ನಲ್ಲಿ, ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ ಜೆಬಿಎಲ್‌ನನ್ನು ಸೋಲಿಸಿ ಚಾಂಪಿಯನ್ ಆದ. ಅಲ್ಲಿಂದ ಹತ್ತು ವರ್ಷ ಡಬ್ಲ್ಯೂಡಬ್ಲ್ಯೂಇ ಕಂಪನಿಯ ಮುಖವೇ ಅವನು. ಮಕ್ಕಳಿಗೆ ಪ್ರಾಣ. ದೊಡ್ಡವರಿಗೆ ಬೇಸರ. ಯಾಕೆ? ಪ್ರತಿ ಸಲ ಅವನೇ ಗೆಲ್ಲುತ್ತಿದ್ದ, ಅದೂ ಅದೇ ಪಟ್ಟುಗಳಿಂದ. ಎರಡು ಸಲ ಭುಜದ ಡಿಕ್ಕಿ, ಎತ್ತಿ ಒಗೆಯೋದು, ಮುಖದ ಮುಂದೆ ಕೈ ಆಡಿಸೋದು, ಮುಷ್ಟಿಯಿಂದ ಗುದ್ದು, ಆಮೇಲೆ ಭುಜದ ಮೇಲೆ ಹೊತ್ತು ಬಿಸಾಡೋದು. ಮುಗೀತು. ಅರ್ಧ ಸ್ಟೇಡಿಯಂ "ಲೆಟ್ಸ್ ಗೋ ಸೀನಾ" ಅಂದರೆ ಇನ್ನರ್ಧ "ಸೀನಾ ಸಕ್ಸ್", ಅಂದರೆ ಸೀನಾ ಕೆಲಸಕ್ಕೆ ಬಾರದವನು, ಅಂತ ಕೂಗುತ್ತಿತ್ತು. ನಾವು ಇಲ್ಲಿ ಕೂತು ಎರಡನ್ನೂ ಜೈಕಾರ ಅಂತಲೇ ತಿಳಿದಿದ್ದೆವು!

ಆ ವಿರೋಧ ಎಷ್ಟಿತ್ತು ಅಂತ ನೋಡಬೇಕಾದರೆ 2006ರ ಜೂನ್ 11ರ ಪಂದ್ಯ ನೋಡಿ. ನ್ಯೂಯಾರ್ಕ್‌ನ ಹ್ಯಾಮರ್‌ಸ್ಟೀನ್ ಬಾಲ್‌ರೂಮ್. ಸಣ್ಣ ಹಾಲ್. ಎದುರಿಗೆ ರಾಬ್ ವ್ಯಾನ್ ಡ್ಯಾಮ್, ಅಲ್ಲಿನ ಜನರ ಮನೆಮಗ. "ಸೀನಾ ಗೆದ್ದರೆ ದಂಗೆ" ಅಂತ ಬ್ಯಾನರ್ ಹಿಡಿದಿದ್ದರು. ಸೀನಾ ತನ್ನ ಟೀ ಶರ್ಟ್ ಬಿಚ್ಚಿ ಜನರ ಕಡೆ ಎಸೆದ. ಅವರು ವಾಪಸ್ ಎಸೆದರು. ಮತ್ತೆ ಎಸೆದ. ಮತ್ತೆ ವಾಪಸ್ ಬಂತು. ಆ ಅಂಗಿ ರಿಂಗಿಗೂ ಜನಕ್ಕೂ ಮಧ್ಯೆ ಎಷ್ಟು ಸಲ ಓಡಾಡಿತೋ! ಬೇರೆ ಯಾರಾದರೂ ಆಗಿದ್ದರೆ ಮುಖ ಬಾಡುತ್ತಿತ್ತು. ಸೀನಾ ಅದನ್ನೇ ಪಂದ್ಯದ ಭಾಗ ಮಾಡಿಕೊಂಡ. ಕೊನೆಗೆ ಸೋತ. ಆ ಹಾಲ್‌ನ ಖುಷಿಗೆ ಪಾರವೇ ಇರಲಿಲ್ಲ. ಅಷ್ಟು ಖುಷಿ ಕೊಟ್ಟಿದ್ದು ಗೆದ್ದವನೊಬ್ಬನೇ ಅಲ್ಲ ಅಂತ ನನ್ನ ಅಭಿಪ್ರಾಯ.

[ತೆರೆಯ ಮೇಲೆ: ರಿಂಗ್‌ನ ಮೂಲೆಯ ಚಿತ್ರ, ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ದೊಡ್ಡದಾಗಿ.]

ಈಗ ಗೆದ್ದ ಪಂದ್ಯ ಒಂದನ್ನು ಹೇಳಲೇಬೇಕು. 2007ರ ಜನವರಿ 28, ರಾಯಲ್ ರಂಬಲ್ ಅನ್ನೋ ಶೋ, ಎದುರಾಳಿ ಉಮಾಗಾ. ನಿಯಮ: ಬಿದ್ದವನು ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲದಿದ್ದರೆ ಸೋತ. ನಮ್ಮ ಗುಂಪಿನಲ್ಲಿ ಅತಿ ಜಾಸ್ತಿ ಮತ ಬಿದ್ದಿದ್ದು ಇದಕ್ಕೇ.

ಉಮಾಗಾ ಸಮೋವಾ ಮನೆತನದ ದೈತ್ಯ. ಅಷ್ಟು ತೂಕದ ಮೈಯಲ್ಲಿ ಅಷ್ಟು ವೇಗ ಹೇಗೆ ಬರುತ್ತಿತ್ತೋ! ಸೀನಾನ ಹಣೆ ಒಡೆದು ಮುಖವೆಲ್ಲ ರಕ್ತ. ಕೊನೆಗೆ ಉಮಾಗಾನ ಮ್ಯಾನೇಜರ್ ಮೂಲೆಗೆ ಹೋಗಿ ಮೇಲಿನ ಹಗ್ಗದ ಕಬ್ಬಿಣದ ಕೊಂಡಿಯನ್ನೇ ಬಿಚ್ಚಿದ. ಅದನ್ನು ಹಿಡಿದು ಉಮಾಗಾ ನುಗ್ಗಿದ. ಸೀನಾ ತಪ್ಪಿಸಿಕೊಂಡು, ಅದೇ ಕೊಂಡಿಯಿಂದ ಅವನಿಗೆ ಹೊಡೆದ. ಆಮೇಲೆ ಸಡಿಲವಾಗಿ ನೇತಾಡುತ್ತಿದ್ದ ಹಗ್ಗವನ್ನು ಅವನ ಕುತ್ತಿಗೆಗೆ ಸುತ್ತಿ ಹಿಂದಕ್ಕೆ ಎಳೆದ. ಎಳೆಯುವಾಗ ಸೀನಾನ ಮುಖ ನೋಡಬೇಕು. ರಕ್ತದ ನಡುವೆ ಕಣ್ಣು ಬಿಳಿ, ಬಾಯಿ ತೆರೆದು ಕೂಗು. ಪೋಸ್ಟರ್‌ನ ನಗುಮುಖದ ಹುಡುಗ ಅಲ್ಲಿ ಇರಲಿಲ್ಲ.

ಈ ಪಂದ್ಯ ನಿಂತಿದ್ದು ಉಮಾಗಾನ ಮೇಲೆ. ಅವನು ಅಷ್ಟು ಭಯಂಕರವಾಗಿ ಕಂಡಿದ್ದಕ್ಕೇ ಸೀನಾ ಗೆದ್ದಿದ್ದು ದೊಡ್ಡದಾಯಿತು. ಉಮಾಗಾ 2009ರಲ್ಲಿ ತೀರಿಹೋದ. ಚಿಕ್ಕ ವಯಸ್ಸು. ಈಗ ಆ ಪಂದ್ಯ ಹಾಕಿದಾಗಲೆಲ್ಲ ನಾನು ಅವನನ್ನೇ ಜಾಸ್ತಿ ನೋಡುತ್ತೇನೆ.

2007ರಲ್ಲೇ ಏಪ್ರಿಲ್ 23, ಲಂಡನ್. ಶಾನ್ ಮೈಕಲ್ಸ್ ಜೊತೆ ಸುಮಾರು ಒಂದು ಗಂಟೆ. ಅದು ದೊಡ್ಡ ಹಬ್ಬದ ಶೋ ಅಲ್ಲ, ಪ್ರತಿ ವಾರ ಬರುವ ಸೋಮವಾರದ "ರಾ" ಶೋ. ಸೀನಾಗೆ ಐದೇ ಪಟ್ಟು ಬರುತ್ತೆ ಅನ್ನುವವರಿಗೆ ಇದನ್ನು ತೋರಿಸಿ. ಇಲ್ಲೂ ಸೋತಿದ್ದು ಅವನೇ.

ಆ ಅಕ್ಟೋಬರ್‌ನಲ್ಲಿ ಎದೆಯ ಸ್ನಾಯು ಎಲುಬಿನಿಂದ ಕಿತ್ತುಬಂತು. ತಿಂಗಳುಗಟ್ಟಲೆ ಬರಲ್ಲ ಅಂದುಕೊಂಡಿದ್ದರು. 2008ರ ಜನವರಿಯಲ್ಲಿ, 30 ಜನ ಒಬ್ಬೊಬ್ಬರಾಗಿ ಬರುವ ರಾಯಲ್ ರಂಬಲ್ ಪಂದ್ಯದಲ್ಲಿ, 30ನೇ ನಂಬರಿಗೆ ಅವನು ಬರುವಾಗಿನ ಹಾಡು ಶುರುವಾಯಿತು. ಬೈಯುತ್ತಿದ್ದ ಅದೇ ನ್ಯೂಯಾರ್ಕ್ ಜನ ಎದ್ದು ನಿಂತು ಕೂಗಿದರು.

[ತೆರೆಯ ಮೇಲೆ: 2011 ಜುಲೈ 17, ಶಿಕಾಗೊ]

ಇನ್ನು ನನ್ನ ಪಟ್ಟಿಯ ಮೊದಲನೆಯದು. ಸಿಎಂ ಪಂಕ್ ಜೊತೆ, ಮನಿ ಇನ್ ದಿ ಬ್ಯಾಂಕ್ ಅನ್ನೋ ಶೋನಲ್ಲಿ.

ಕತೆ ಹೀಗೆ: ಪಂಕ್‌ನ ಒಪ್ಪಂದ ಅದೇ ರಾತ್ರಿ ಮುಗಿಯುತ್ತಿತ್ತು. ಚಾಂಪಿಯನ್‌ಶಿಪ್ ಗೆದ್ದು, ಬೆಲ್ಟ್ ತಗೊಂಡು ಹೊರಟೇ ಹೋಗ್ತೀನಿ ಅಂದಿದ್ದ. ಶಿಕಾಗೊ ಅವನ ಊರು. ಸೀನಾ ಒಳಗೆ ಬಂದಾಗ ಕಿವಿ ಕಿತ್ತುಹೋಗುವಷ್ಟು ಬೈಗುಳ. ಅರ್ಧ ಗಂಟೆ ಮೇಲೆ ಪಂದ್ಯ ನಡೀತು. ಕೊನೆಯಲ್ಲಿ ಸೀನಾ ಪಂಕ್‌ನನ್ನು ಎಸ್‌ಟಿಎಫ್ ಅನ್ನೋ, ಕಾಲು, ಮುಖ ಎರಡನ್ನೂ ಬಿಗಿಯುವ ಪಟ್ಟಿನಲ್ಲಿ ಹಿಡಿದಿದ್ದಾನೆ. ಮಾಲೀಕ ವಿನ್ಸ್ ಮೆಕ್‌ಮಹನ್ ಬಂದು, ಪಂಕ್ ಸೋಲೊಪ್ಪದಿದ್ದರೂ ಬೆಲ್ ಬಾರಿಸಿ ಅಂತ ತನ್ನ ಮನುಷ್ಯನನ್ನು ಕಳಿಸಿದ. ಸೀನಾ ಪಟ್ಟು ಬಿಟ್ಟು ಎದ್ದ. ರಿಂಗ್‌ನಿಂದ ಇಳಿದು ಆ ಮನುಷ್ಯನಿಗೆ ಗುದ್ದಿದ. ಮೋಸದ ಗೆಲುವು ಬೇಡ ಅಂತ. ಒಳಗೆ ವಾಪಸ್ ಬಂದ ಕೂಡಲೇ ಪಂಕ್ ಅವನನ್ನು ಎತ್ತಿ ಮೊಣಕಾಲಿಗೆ ಬಡಿದ. ಭುಜ ನೆಲಕ್ಕೆ ಒತ್ತಿ ಹಿಡಿದ. ಒಂದು, ಎರಡು, ಮೂರು. ಇದಕ್ಕೇ ಪಿನ್ ಅನ್ನೋದು. ಪಂಕ್ ಗೆದ್ದ.

ಪಂಕ್ ವಿನ್ಸ್ ಕಡೆ ಮುತ್ತು ಹಾರಿಸಿ, ಬೆಲ್ಟ್ ಹಿಡಿದು ಜನರ ನಡುವೆ ನುಗ್ಗಿ ಹೋದ. ಎಲ್ಲರಿಗೂ ನೆನಪಿರೋದು ಆ ಮುತ್ತು. ನನಗೆ ಮುಖ್ಯ ಅನ್ನಿಸೋದು ಸೀನಾ ಪಟ್ಟು ಬಿಟ್ಟ ಗಳಿಗೆ. ಅದಿಲ್ಲದೆ ಪಂಕ್‌ನ ಗೆಲುವಿಗೆ ಆ ಬೆಲೆ ಬರುತ್ತಿರಲಿಲ್ಲ. ಕುಸ್ತಿ ಬರಹಗಾರ ಡೇವ್ ಮೆಲ್ಟ್‌ಜರ್ ಇದಕ್ಕೆ ಐದು ನಕ್ಷತ್ರ ಕೊಟ್ಟರು. 1997ರ ನಂತರ ಈ ಕಂಪನಿಯ ಯಾವ ಪಂದ್ಯಕ್ಕೂ ಅವರು ಅಷ್ಟು ಕೊಟ್ಟಿರಲಿಲ್ಲ.

2014ರ ಸಮ್ಮರ್‌ಸ್ಲ್ಯಾಮ್ ಶೋನ ಪಂದ್ಯ ಇನ್ನೂ ಕಟುವಾದದ್ದು. ಬ್ರಾಕ್ ಲೆಸ್ನರ್ ಅವನನ್ನು ಸೊಂಟ ಹಿಡಿದು ಹಿಂದಕ್ಕೆ ಎಸೆದ. 16 ಸಲ. ಚಾಂಪಿಯನ್ ಅಂತ ಬಂದವನು ಹೆಚ್ಚು ಹೊತ್ತು ಕೈ ಎತ್ತಲೂ ಆಗದೆ ಹೋದ. ಅವತ್ತು ನಮ್ಮಲ್ಲಿ ಒಬ್ಬ ಅರ್ಧಕ್ಕೇ ಟಿವಿ ಆರಿಸಿದ್ದ. ಈಗ ಅವನೇ, "ಅದನ್ನ ಪಟ್ಟಿಗೆ ಸೇರಿಸ್ಲೇಬೇಕು" ಅಂತ ಹಟ ಹಿಡಿದ. ಹತ್ತು ವರ್ಷ ಯಾರೂ ಅಲುಗಿಸಲಾಗದ ಮನುಷ್ಯ ಅಷ್ಟು ಬಿದ್ದಿದ್ದಕ್ಕೇ ಲೆಸ್ನರ್ ಅಂದರೆ ಜನ ನಡುಗಿದ್ದು.

2015ರಲ್ಲಿ ಯುಎಸ್ ಚಾಂಪಿಯನ್ ಆಗಿ ವಾರ ವಾರ ಹೊಸಬರಿಗೆ ಸವಾಲು ಹಾಕಿದ. ಸಾಮಿ ಝೇನ್, ಸೆಸಾರೋ, ಕೆವಿನ್ ಓವೆನ್ಸ್. ಓವೆನ್ಸ್ ಮೊದಲ ಪಂದ್ಯದಲ್ಲೇ ಸೀನಾನನ್ನು ಸೋಲಿಸಿಬಿಟ್ಟ. ಜುಲೈನಲ್ಲಿ ಸೆತ್ ರಾಲಿನ್ಸ್‌ನ ಮೊಣಕಾಲು ತಾಗಿ ಸೀನಾನ ಮೂಗು ಮುರಿದು ಒಂದು ಪಕ್ಕಕ್ಕೆ ವಾಲಿತು. ಹಾಗೇ ಪಂದ್ಯ ಮುಗಿಸಿದ. ನನ್ನ ಮಟ್ಟಿಗೆ ಅವನ ಅತ್ಯುತ್ತಮ ವರ್ಷ ಇದೇ. ಬೈಯುತ್ತಿದ್ದವರು ಬಾಯಿ ಮುಚ್ಚಿದ ವರ್ಷ.

2017ರ ಜನವರಿಯಲ್ಲಿ ಎಜೆ ಸ್ಟೈಲ್ಸ್‌ನನ್ನು ಸೋಲಿಸಿ 16ನೇ ಸಲ ಚಾಂಪಿಯನ್ ಆಗಿ ರಿಕ್ ಫ್ಲೇರ್‌ನ ದಾಖಲೆ ಸರಿಗಟ್ಟಿದ. ಒಳ್ಳೇ ಪಂದ್ಯ. 2025ರ ಏಪ್ರಿಲ್‌ನಲ್ಲಿ ಕೋಡಿ ರೋಡ್ಸ್ ಮೇಲೆ 17ನೆಯದು ಬಂತು. ದಾಖಲೆ ದೊಡ್ಡದು, ಪಂದ್ಯ ಸಪ್ಪೆ. ನಮ್ಮ ಪಟ್ಟಿಯಲ್ಲಿ ಯಾರೂ ಅದರ ಹೆಸರೇ ಎತ್ತಲಿಲ್ಲ.

[ತೆರೆಯ ಮೇಲೆ: ಕಲಬುರಗಿಯಿಂದ ಹೈದರಾಬಾದ್‌ವರೆಗಿನ ರೈಲು ದಾರಿಯ ನಕ್ಷೆ.]

ನಮಗೆ ಇನ್ನೊಂದು ಪಂದ್ಯ ಇದೆ. ಅಮೆರಿಕದ ಯಾವ ಪಟ್ಟಿಯಲ್ಲೂ ಅದು ಬರಲ್ಲ. 2023ರ ಸೆಪ್ಟೆಂಬರ್ 8, ಹೈದರಾಬಾದ್‌ನ ಗಚ್ಚಿಬೌಲಿ ಸ್ಟೇಡಿಯಂ. ಸೀನಾ ಭಾರತದಲ್ಲಿ ಮೊದಲ ಸಲ ರಿಂಗಿಗೆ ಇಳಿದ ದಿನ. ಬೀದರ್‌ನಿಂದ ಕೆಲವೇ ತಾಸು. ನಮಗೂ ವಾಡಿ, ತಾಂಡೂರು, ವಿಕಾರಾಬಾದ್ ದಾಟಿದರೆ ಹೈದರಾಬಾದ್ ಬಂದೇಬಿಡುತ್ತೆ. ಇಷ್ಟು ವರ್ಷ ಸಮುದ್ರದ ಆಚೆ ಇದ್ದವನು ನಮ್ಮ ರೈಲು ದಾರಿಯ ಮೇಲೆ ಬಂದಿದ್ದ.

ಸೀನಾನ ಮೂಗು ಮುರಿದಿದ್ದ ಸೆತ್ ರಾಲಿನ್ಸೇ ಅವತ್ತು ಅವನ ಜೋಡಿ. ಎದುರಿಗೆ ಗುಂಥರ್‌ನ ತಂಡದವರಿಬ್ಬರು, ಲುಡ್ವಿಗ್ ಕೈಸರ್ ಮತ್ತು ಜಿಯೋವಾನಿ ವಿಂಚಿ. ಸೀನಾ, ರಾಲಿನ್ಸ್ ಗೆದ್ದರು. ತಾಂತ್ರಿಕವಾಗಿ ಸಾಧಾರಣ ಪಂದ್ಯ, ಒಪ್ಪುತ್ತೇನೆ. ಆದರೆ ನಮ್ಮ ಗುಂಪಿನಿಂದ ಹೋಗಿದ್ದ ಗೆಳೆಯ ಹೇಳಿದ್ದು ಕೇಳಿ: "ಅಂವ ಮಾರಿ ಮುಂದ ಕೈ ಆಡ್ಸಿದ್ನಲ್ಲ, ಇಡೀ ಸ್ಟೇಡಿಯಂ ಆಡ್ಸಿತಪ್ಪಾ. ನನ್ನ ಬಾಜೂಕ ಒಬ್ರು ಅಜ್ಜಾರು ಇದ್ರು, ಅವ್ರೂ ಆಡ್ಸಿದ್ರು." ಅಲ್ಲಿ ಒಬ್ಬರೂ ಬೈಯಲಿಲ್ಲವಂತೆ.

ಈಗ ಮತ್ತೆ ಡಿಸೆಂಬರ್ 13ಕ್ಕೆ ಬರೋಣ. ಟ್ಯಾಪ್ ಮಾಡಿದ್ದು ಸರೀನಾ?

ಈ ವೃತ್ತಿಯಲ್ಲಿ ಹಳೇ ಪದ್ಧತಿ ಒಂದಿದೆ. ಹೋಗುವವನು ಸೋತು ಹೋಗಬೇಕು. ಗೆದ್ದು ಹೋದರೆ ಗೆಲುವು ಅವನ ಜೊತೆ ಮನೆಗೆ ಹೋಗುತ್ತೆ, ಯಾರಿಗೂ ಉಪಯೋಗವಿಲ್ಲ. ಸೋತರೆ ಉಳಿಯುವವನಿಗೆ ಅದು ಸಿಗುತ್ತೆ. ಸೀನಾನನ್ನು ಟ್ಯಾಪ್ ಮಾಡಿಸಿದವನು ಅನ್ನೋ ಹೆಸರು ಗುಂಥರ್‌ಗೆ ಇನ್ನು ಯಾವತ್ತೂ ಹೋಗಲ್ಲ. ಸೋಲಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಪಿನ್ ಆಗಿ ಸೋಲಬಹುದಿತ್ತಲ್ವಾ ಅನ್ನೋ ಗೆಳೆಯರ ವಾದವೂ ನನಗೆ ಅರ್ಥವಾಗುತ್ತೆ. "ಬಿಟ್ಟುಕೊಡಬೇಡಿ" ಅನ್ನೋ ಮಾತನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಹಿಡಿದುಕೊಂಡ ಮಕ್ಕಳಿದ್ದಾರೆ. ಮೇಕ್ ಎ ವಿಶ್ ಸಂಸ್ಥೆಯ ಮೂಲಕ ಸೀನಾ ಅಂಥ 650ಕ್ಕೂ ಹೆಚ್ಚು ಮಕ್ಕಳನ್ನು ಭೇಟಿಯಾಗಿ ಆಸೆ ಈಡೇರಿಸಿದ್ದಾನೆ. ಆ ಮಕ್ಕಳ ಕಣ್ಣಿಂದ ನೋಡಿದರೆ ಆ ಟ್ಯಾಪ್ ನೋಯಿಸುತ್ತೆ.

ಆದರೂ ನನ್ನ ಮತ ಸೀನಾ ಕಡೆಗೇ. ಅವನು ಸುಮ್ನೆ ಕೈ ಬಿಡಲಿಲ್ಲ. ಬಿಡಿಸಿಕೊಂಡ, ಮತ್ತೆ ಸಿಕ್ಕಿಬಿದ್ದ, ಮತ್ತೆ ಬಿಡಿಸಿಕೊಂಡ. 48 ವರ್ಷದ ದೇಹ. ಇನ್ನು ಸಾಕು ಅಂತ ಅವನಿಗೇ ಅನ್ನಿಸಿದಾಗ ನಕ್ಕ. ಆಮೇಲೆ ಟ್ಯಾಪ್ ಮಾಡಿದ. ಆ ನಗು ಇರದಿದ್ದರೆ ನಾನೂ ಸಿಟ್ಟಾಗುತ್ತಿದ್ದೆ.

ಅಪ್ಪನ ಕೆರೆಯ ಹತ್ತಿರ ನಡೆದ ಮತದಾನದಲ್ಲಿ ಉಮಾಗಾ ಪಂದ್ಯ ಮೊದಲು, ಪಂಕ್ ಪಂದ್ಯ ಎರಡನೆಯದು. ನಾನು ಪಂಕ್ ಪರ ಎಷ್ಟು ವಾದ ಮಾಡಿದರೂ ಗೆಲ್ಲಲಾಗಲಿಲ್ಲ. ಈ ಎರಡರಲ್ಲಿ ಯಾವುದನ್ನೂ ನೋಡದವರು ಮೊದಲು ಉಮಾಗಾ ನೋಡಿ, ಅದು ತಟ್ಟನೆ ಹಿಡಿಯುತ್ತೆ. ಪಂಕ್ ಪಂದ್ಯಕ್ಕೆ ಅದರ ಹಿಂದಿನ ಮೂರ್ನಾಲ್ಕು ವಾರದ ಕತೆಯೂ ಬೇಕು. ಮುಂದಿನ ವಿಡಿಯೋದಲ್ಲಿ ಅದನ್ನೇ ಹೇಳುತ್ತೇನೆ.