ಎಡಗಡೆ ಹಾಗೇ ಇರಲಿ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಹಾಳೆ, ಪೆನ್ಸಿಲ್ ಇದ್ದರೆ ಎತ್ತಿಕೊಳ್ಳಿ. ಬರೆದುಕೊಳ್ಳಿ: 3 ಎಕ್ಸ್ ಪ್ಲಸ್ 4 ವೈ ಸಮ 10. ಇದೊಂದು ಸರಳರೇಖೆ. ಇದಕ್ಕೆ ಸಮಾಂತರವಾಗಿ, 2 ಕಾಮಾ 5 ಎಂಬ ಬಿಂದುವಿನ ಮೂಲಕ ಹಾಯುವ ರೇಖೆಯ ಸಮೀಕರಣ ನಮಗೆ ಬೇಕು.

ಹೆಚ್ಚಿನವರು ಮೊದಲು ಇಳಿಜಾರು ಕಂಡುಹಿಡಿಯಲು ಹೊರಡುತ್ತಾರೆ. ಮೈನಸ್ 3 ಬೈ 4 ಬರುತ್ತದೆ. ದಾರಿ ಸರಿಯೇ. ಆದರೆ ಭಿನ್ನರಾಶಿ ಕಾಲಿಟ್ಟ ಮೇಲೆ ಚಿಹ್ನೆ ತಪ್ಪುವುದು ಬಲು ಸುಲಭ.

ಅದರ ಬದಲು ಎಡಗಡೆಯನ್ನೇ ಸ್ವಲ್ಪ ಹೊತ್ತು ನೋಡೋಣ. 2 ಕಾಮಾ 1 ನಮ್ಮ ರೇಖೆಯ ಮೇಲಿದೆ; 6ಕ್ಕೆ 4 ಸೇರಿದರೆ 10. ಅಲ್ಲಿಂದ ಬಲಕ್ಕೆ 4 ಮನೆ ನಡೆದು, ಕೆಳಕ್ಕೆ 3 ಮನೆ ಇಳಿಯಿರಿ. ಎಕ್ಸ್ ಕಡೆಯಿಂದ 12 ಹೆಚ್ಚಿತು, ವೈ ಕಡೆಯಿಂದ 12 ಇಳಿಯಿತು. ಮೊತ್ತ ಮತ್ತೆ ಹತ್ತೇ. ರೇಖೆಯ ಮೇಲೆಯೇ ಇದ್ದೇವೆ. ಈ ನಡಿಗೆಯನ್ನು ಗೊತ್ತುಮಾಡಿದ್ದು 3 ಮತ್ತು 4. ಬಲಗಡೆಯ 10ಕ್ಕೆ ಅದರಲ್ಲಿ ಪಾತ್ರವೇ ಇಲ್ಲ. ದಿಕ್ಕು ಎಡಗಡೆಯದು, ಜಾಗ ಬಲಗಡೆಯದು. ನನಗೆ ಇಡೀ ಪಾಠದಲ್ಲಿ ತುಂಬ ಹಿಡಿಸಿದ್ದು ಇದೇ.

ಹಾಗಾದರೆ ಎಡಗಡೆಯನ್ನು ಮುಟ್ಟದೆ, ಅದರಲ್ಲಿ 2 ಕಾಮಾ 5 ಹಾಕಿ: 6 ಪ್ಲಸ್ 20, ಅಂದರೆ 26. ಉತ್ತರ, 3 ಎಕ್ಸ್ ಪ್ಲಸ್ 4 ವೈ ಸಮ 26. ಒಂದು ಬಿಂದುವಿಗೆ ಸಿಗುವುದು ಒಂದೇ ಸಂಖ್ಯೆ, ಹಾಗಾಗಿ ಸಮಾಂತರ ರೇಖೆಯೂ ಒಂದೇ. ಜಾನ್ ಪ್ಲೇಫೇರ್ 1795ರ ತಮ್ಮ ರೇಖಾಗಣಿತದ ಪುಸ್ತಕದಲ್ಲಿ ಆಧಾರಸೂತ್ರವಾಗಿ ಇಟ್ಟದ್ದೂ ಇದೇ ಮಾತನ್ನು. ಎಕ್ಸ್ ಸಮ 7 ಎಂಬ ನೇರ ಮೇಲೇಳುವ ರೇಖೆಗೆ ಇಳಿಜಾರೇ ಇಲ್ಲ. ಅಲ್ಲಿಯೂ ಈ ದಾರಿ ಕೈಬಿಡುವುದಿಲ್ಲ.

ಇನ್ನು, ಎರಡು ಸಮಾಂತರ ರೇಖೆಗಳಿಗೆ ಸರಿಯಾಗಿ ನಟ್ಟನಡುವಿನ ರೇಖೆ ಕೇಳಿದರೆ? ಒಂದು ನಮ್ಮದೇ, ಬಲಗಡೆ 10. ಇನ್ನೊಂದು, 6 ಎಕ್ಸ್ ಪ್ಲಸ್ 8 ವೈ ಸಮ 60. ಆತುರಪಟ್ಟು 10 ಮತ್ತು 60ರ ಸರಾಸರಿ ತೆಗೆದು, 3 ಎಕ್ಸ್ ಪ್ಲಸ್ 4 ವೈ ಸಮ 35 ಎಂದು ಬರೆದವರನ್ನು ಬಹಳ ಕಂಡಿದ್ದೇನೆ. ಆ ರೇಖೆ ನಡುವೆ ಇರುವುದಿಲ್ಲ, ಎರಡನ್ನೂ ದಾಟಿ ಹೊರಗೆ ಬಿದ್ದಿರುತ್ತದೆ. ಎರಡನೆಯದನ್ನು ಮೊದಲು 2ರಿಂದ ಭಾಗಿಸಿ, ಎಡಗಡೆಗಳು ಒಂದೇ ಆಗಲಿ. ಆಗ ಬಲಗಡೆ 30. ಈಗ 10 ಮತ್ತು 30ರ ನಡುವೆ 20. 3 ಎಕ್ಸ್ ಪ್ಲಸ್ 4 ವೈ ಸಮ 20. ತಾಳೆ ನೋಡಬೇಕೆಂದರೆ, ಅಂತರಕ್ಕೆ ಬಲಗಡೆಗಳ ವ್ಯತ್ಯಾಸವನ್ನು 5ರಿಂದ ಭಾಗಿಸಿ. 3ರ ವರ್ಗ, 4ರ ವರ್ಗ ಕೂಡಿದರೆ 25, ಅದರ ವರ್ಗಮೂಲ ಆ 5. ಎರಡೂ ಕಡೆಗೆ 10 ಬೈ 5, ಸರಿಯಾಗಿ 2.